ದಿನಕ್ಕೆ 36 ಕ್ಲಿಕ್, ಒಂದೇ ಜಾಗ

ಹಿಂದೊಮ್ಮೆ ಮೂರು ದಿನದ ಮದುವೆ ಮುಗಿಸಿ ಮನೆಗೆ ಬಂದು ಕಾರ್ಡ್ ಖಾಲಿ ಮಾಡಿದೆ. ನಾಲ್ಕು ಸಾವಿರಕ್ಕೂ ಜಾಸ್ತಿ ಫೋಟೋ. ಊಟಕ್ಕೆ ಬಡಿಸುತ್ತಾ ಮನೆಯವಳು ಕೇಳಿದಳು, "ಧಾರೆಗೆ ಹುಡುಗಿ ಯಾವ ಬಣ್ಣದ ಸೀರೆ ಉಟ್ಟಿದ್ಲು?" ನೆನಪೇ ಆಗಲಿಲ್ಲ. ಎರಡು ಮಾರು ದೂರದಲ್ಲಿ ನಿಂತು ಅರ್ಧ ಗಂಟೆ ಕ್ಲಿಕ್ಕಿಸಿದವನು ನಾನೇ. "ತಡಿ, ಲ್ಯಾಪ್‌ಟಾಪ್ ನೋಡಿ ಹೇಳ್ತೀನಿ" ಅಂದೆ. ಅವಳು ನಕ್ಕು ಸುಮ್ಮನಾದಳು. ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಕ್ಯಾಮೆರಾ ಹಿಡಿದವರಿಗೆ ಬರುವ ಕಾಯಿಲೆ ಇದು. ಕೈ ಓಡುತ್ತಿರುತ್ತದೆ, ಕಣ್ಣು ನೋಡುತ್ತಿರುವುದಿಲ್ಲ. ಹೊಸ ಲೆನ್ಸ್ ಇದಕ್ಕೆ ಮದ್ದಲ್ಲ. ಸಾಲ ಮಾಡಿ ಅದನ್ನೂ ಕೊಂಡು ನೋಡಿದ್ದಾಯ್ತು. ಶಿವಮೊಗ್ಗದಲ್ಲಿ ಕೂತು ಎರಡು ವರ್ಷದಿಂದ ದಿನಾ ಏನು ಮಾಡುತ್ತಿದ್ದೇನೋ ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲ ಕೆಲಸ ಬೆಳಗಿನದು. ಎದ್ದ ಕೂಡಲೇ ಫೋನ್ ಮುಟ್ಟಬೇಡಿ. ಬೇರೆಯವರು ತೆಗೆದ ಐವತ್ತು ಜೋಗ, ಐವತ್ತು ಆಗುಂಬೆ ಸೂರ್ಯಾಸ್ತ, ಸಕ್ರೆಬೈಲಿನ ಐವತ್ತು ಆನೆ ಸ್ನಾನ ನೋಡಿ ಮನೆ ಬಿಟ್ಟರೆ, ನೀವು ತೆಗೆಯುವುದು ಐವತ್ತೊಂದನೆಯದು. ಕ್ಯಾಮೆರಾವನ್ನೂ ಬಿಟ್ಟು ಕಾಲು ಗಂಟೆ ನಡೆಯಿರಿ. ಬೆಳಕು ಎಲ್ಲಿಂದ ಬರುತ್ತಿದೆ, ಯಾವ ಗೋಡೆಗೆ ಬಡಿಯುತ್ತಿದೆ, ಅಷ್ಟೇ ನೋಡಿ. ಜೊತೆಗೆ ಒಂದು ಆಟ ಆಡಿ, ಮನಸ್ಸಿನಲ್ಲೇ ಎಕ್ಸ್‌ಪೋಶರ್ ಲೆಕ್ಕ ಹಾಕಿ, ಅಂದರೆ ಕ್ಯಾಮೆರಾ ಒಳಗೆ ಎಷ್ಟು ಬೆಳಕು ಬಿಡಬೇಕು ಅಂತ. ಹಳಬರ ಲೆಕ್ಕ ಹೀಗೆ: ಚೊಕ್ಕ ಬಿಸಿಲಿದ್ದರೆ ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 16, ಐಎಸ್‌ಓ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಶಟರ್ ತೆರೆದಿರುವ ಹೊತ್ತು 1/100 ಸೆಕೆಂಡಿನ ಆಸುಪಾಸು. ಮೋಡ ದಟ್ಟವಾಗಿದ್ದರೆ ಎಫ್ 5.6, ಅಂಕಿ ಇಳಿದಷ್ಟೂ ಕಿಂಡಿ ದೊಡ್ಡದು. ಅಡಿಕೆ ತೋಟ ಹೊಕ್ಕರೆ ಬೆಳಕು ಇನ್ನೂ ಇಳಿಯುತ್ತದೆ. ತೋಟದಲ್ಲಿ ಬಿಸಿಲು ಕಾಸು ಕಾಸಾಗಿ ಬೀಳುತ್ತದೆ, ಕ್ಯಾಮೆರಾಗೆ ಅದು ತಲೆನೋವು. ಬಿಸಿಲು ಬಿದ್ದಲ್ಲಿ ಬೆಳ್ಳಗೆ ಸುಟ್ಟುಹೋಗುತ್ತದೆ, ಉಳಿದದ್ದು ಕಪ್ಪು. ಹಾಗಾಗಿ ತೋಟದ ಫೋಟೋಗೆ ಮೋಡದ ದಿನವೇ ಒಳ್ಳೆಯದು. ಮಳೆ ಬಂತು ಅಂತ ಕ್ಯಾಮೆರಾ ಒಳಗಿಟ್ಟು ಕೂರುವವರಿಗೆ ಇದು ಗೊತ್ತಾಗುವುದೇ ಇಲ್ಲ.

ಎರಡನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಒಂದು ಜಾಗ ಆರಿಸಿಕೊಳ್ಳಿ, ದಿನಾ ಅಲ್ಲಿಗೇ ಹೋಗಿ. ಮನೆಯಿಂದ ಹತ್ತು ನಿಮಿಷಕ್ಕಿಂತ ದೂರ ಇರಬಾರದು, ಇದ್ದರೆ ನಾಲ್ಕನೇ ದಿನ ನೀವು ಹೋಗುವುದಿಲ್ಲ. ನನ್ನದು ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯ ದಡ. ಹೊಳೆಯಲ್ಲಿರುವ ಮಂಟಪ ಶಿವಮೊಗ್ಗದವರಿಗೆಲ್ಲ ಗೊತ್ತು. ಅದು ಮುಳುಗಿತು ಅಂದರೆ ಹೊಳೆ ತುಂಬಿತು ಅಂತ ಲೆಕ್ಕ.

ಮೊದಲ ವಾರ ಬರೀ ಮಂಟಪ ತೆಗೆದೆ. ಎಡದಿಂದ, ಬಲದಿಂದ, ನೀರಿನ ನೆರಳಿನ ಜೊತೆ. ಎರಡನೇ ವಾರ ಸಿಕ್ಕಾಪಟ್ಟೆ ಬೇಜಾರು. ಈ ಬೇಜಾರಿಗೆ ಹೆದರಿ ಜಾಗ ಬದಲಾಯಿಸಿದರೆ ಕೆಟ್ಟಿರಿ. ಮೂರನೇ ವಾರ ಕಂಬದ ಮೇಲೆ ನೀರಿನ ಗುರುತು ಕಂಡಿತು, ಕೆಸರು ಒಣಗಿ ಪಟ್ಟಿ ಪಟ್ಟಿಯಾಗಿ ಉಳಿದದ್ದು. ಆಮೇಲೆ ಒಂದು ನೀರುಕಾಗೆ. ಎಂಟು ಗಂಟೆ ಹೊತ್ತಿಗೆ ಬಂದು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತದೆ, ಥೇಟ್ ಹಗ್ಗಕ್ಕೆ ಹಾಕಿದ ಒದ್ದೆ ಕೊಡೆ. ಅದು ಮೊದಲಿನಿಂದಲೂ ಬರುತ್ತಿತ್ತೋ ಏನೋ, ನಾನು ನೋಡಿರಲಿಲ್ಲ. ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತಮ್ಮ ತೋಟದ ಸುತ್ತಮುತ್ತಲೇ ಹಕ್ಕಿಗಳ ಬೆನ್ನು ಬಿದ್ದವರು. ನಮಗೆ ಮಾತ್ರ ಫೋಟೋ ಅಂದರೆ ಮೊದಲು ಪೆಟ್ರೋಲ್ ಹಾಕಿಸಬೇಕು.

ಮೂರನೆಯದು ಲೆಕ್ಕ. ರೋಲ್ ಕಾಲದಲ್ಲಿ ಸಾಮಾನ್ಯವಾಗಿ 36 ಫೋಟೋ, ಮುಗಿಯಿತು. ನಿಮ್ಮ ಅಭ್ಯಾಸದ ಹೊತ್ತಿಗೂ ಅಷ್ಟೇ ಇಟ್ಟುಕೊಳ್ಳಿ. ಲೆನ್ಸ್ ಒಂದೇ. ಜೂಮ್ ಲೆನ್ಸ್ ಮಾತ್ರ ಇದ್ದರೆ 35 ಎಂಎಂಗೆ ತಿರುಗಿಸಿ ಸೆಲೋಟೇಪ್ ಸುತ್ತಿಬಿಡಿ. ತೆಗೆದದ್ದನ್ನು ಅಲ್ಲೇ ಹಿಂದಿನ ಪರದೆಯಲ್ಲಿ ನೋಡುವ ಚಟವೂ ಬೇಡ. ನೀವು ಹಿಂದಿನ ಫೋಟೋ ನೋಡುತ್ತಿರುವಾಗಲೇ ಮುಂದಿನದು ಹಾರಿಹೋಗುತ್ತದೆ. ಮದುವೆ ದಿನ ಮಾತ್ರ ಈ ಲೆಕ್ಕ ನಡೆಯಲ್ಲ, ಬೀಗರು ಬಿಡ್ತಾರಾ?

ಮನುಷ್ಯರ ಫೋಟೋ ತೆಗೆಯುವವರಿಗೆ ಇನ್ನೊಂದು ಮಾತು. ದಿನಕ್ಕೆ ಹತ್ತು ನಿಮಿಷ ಕ್ಯಾಮೆರಾ ಕೆಳಗಿಟ್ಟು ಅವರ ಜೊತೆ ಕೂತುಕೊಳ್ಳಿ. ಹೋದ ಅಡಿಕೆ ಸುಗ್ಗಿಯಲ್ಲಿ ತೀರ್ಥಹಳ್ಳಿ ಹತ್ತಿರ ನೆಂಟರ ಮನೆಯಲ್ಲಿದ್ದೆ. ರಾತ್ರಿ ಸುಲಿಯುವ ಕೆಲಸ. ಒಂದು ಬಲ್ಬಿನ ಕೆಳಗೆ ಹೆಂಗಸರು ಸಾಲಾಗಿ ಮೆಟ್ಟುಗತ್ತಿ ಮುಂದೆ ಕೂತಿದ್ದರು. ಎರಡನೇ ದಿನವೂ ನಾನು ಹೋದಾಗ ಒಬ್ಬರು, "ಏನ್ ಮಾರಾಯ್ರೇ, ನಿನ್ನೆ ತೆಗ್ದಿದ್ದು ಸಾಲ್ಲಿಲ್ವಾ? ಬನ್ನಿ, ಕೂತು ನಾಲ್ಕು ಅಡಿಕೆ ಸುಲೀರಿ" ಅಂದರು. "ಆಗ್ಲಿ ಅಕ್ಕ" ಅಂತ ಕೂತೆ. ಅವರು ಬುಟ್ಟಿ ತುಂಬುವಷ್ಟರಲ್ಲಿ ನಾನು ಹನ್ನೊಂದು ಸುಲಿದೆ, ಅದರಲ್ಲಿ ಮೂರು ಗಾಯ. ಬೆರಳೆಲ್ಲ ಕಂದು ಬಣ್ಣ, ಮೂರು ದಿನ ಹೋಗಲಿಲ್ಲ. ಆದರೆ ಕೂತ ಮೇಲೆ ಒಂದು ವಿಷಯ ಗೊತ್ತಾಯಿತು. ಕತ್ತಿ ಅಲ್ಲಾಡುವುದೇ ಇಲ್ಲ, ಕೈ ಮಾತ್ರ ಓಡುತ್ತದೆ. ಹಿಂದಿನ ರಾತ್ರಿ ಕೈಗಳನ್ನು ಹಿಡಿದು ನಿಲ್ಲಿಸಲು ಐಎಸ್‌ಓ ಏರಿಸಿ ಏರಿಸಿ ಕಾಳು ಕಾಳು ಫೋಟೋ ಮಾಡಿಕೊಂಡಿದ್ದೆ. ಈ ಸಲ ಕ್ಯಾಮೆರಾವನ್ನು ಬುಟ್ಟಿಯ ಮೇಲೆ ಭದ್ರವಾಗಿ ಇಟ್ಟು, ಕತ್ತಿಗೆ ಫೋಕಸ್ ಮಾಡಿ, ಶಟರ್ 1/15ಕ್ಕೆ ಇಳಿಸಿದೆ. ಕತ್ತಿ ಚೂಪಾಗಿ ಬಂತು, ಕೈ ಹೊಗೆಯ ಹಾಗೆ ಬಂತು.

ಸಂಜೆಯ ಕೆಲಸ ಒರೆಸುವುದು. ಮಲೆನಾಡಿನಲ್ಲಿ ಇದು ಶೋಕಿಯಲ್ಲ. ಒಂದು ಮಳೆಗಾಲ ಪೂರ್ತಿ ಲೆನ್ಸನ್ನು ಚರ್ಮದ ಚೀಲದಲ್ಲಿಟ್ಟು ಮರೆತಿದ್ದೆ. ತೆಗೆದು ನೋಡಿದರೆ ಒಳಗೆ ಜೇಡರ ಬಲೆಯ ಹಾಗೆ ಬೂಸ್ಟು. ಮೊದಲು ಬ್ಲೋವರ್‌ನಿಂದ ಧೂಳು ಊದಿ, ಆಮೇಲೆ ಮೆತ್ತನೆ ಬಟ್ಟೆ. ಉಲ್ಟಾ ಮಾಡಿದರೆ ಧೂಳೇ ಗಾಜು ಗೀರುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೊಂದು ಪುಟ್ಟ ತೇವಾಂಶ ಮೀಟರ್. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇದ್ದರೆ ನಿಶ್ಚಿಂತೆ. ನೀಲಿ ಹರಳು ಗುಲಾಬಿ ಆದರೆ ತೇವ ಕುಡಿದು ತುಂಬಿದೆ ಅಂತ ಅರ್ಥ, ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಅಡುಗೆಯ ಬಾಣಲೆಯಲ್ಲಿ ಬೇಡ, ಮನೆಯಲ್ಲಿ ಬೈಗುಳ ತಿಂದು ಹೇಳುತ್ತಿದ್ದೇನೆ.

ರಾತ್ರಿ ಮಲಗುವ ಮುಂಚೆ 36ರಲ್ಲಿ ಒಂದೇ ಒಂದನ್ನು ಆರಿಸಿ. ಎರಡು ಚೆನ್ನಾಗಿದ್ದರೂ ಒಂದೇ. ಎಲ್ಲವನ್ನೂ ಬೇರೆ ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ. ಆರಿಸಿದ್ದನ್ನು ಅವತ್ತೇ ಯಾರಿಗೂ ಕಳಿಸಬೇಡಿ, ಒಂದು ವಾರ ಬಿಡಿ. ವಾರದ ಮೇಲೂ ಇಷ್ಟವಾದರೆ ಕಳಿಸಿ. ನನ್ನವು ಹೆಚ್ಚಿನವು ಆಗಲ್ಲ.

ಜೊತೆಗೊಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು. ಶಟರ್, ಐಎಸ್‌ಓ ಬರೆಯಬೇಡಿ, ಅದನ್ನು ಕ್ಯಾಮೆರಾವೇ ಬರೆದುಕೊಂಡಿರುತ್ತದೆ. ಫೋಟೋದಲ್ಲಿ ಬರದೇ ಇದ್ದದ್ದನ್ನು ಬರೆಯಿರಿ. ಮದುವೆ ದಿನವೂ ನಾನು ಇದೊಂದನ್ನು ಬಿಡುವುದಿಲ್ಲ. ಮೊನ್ನೆಯ ಮದುವೆಯದು ಹೀಗಿದೆ: "ಸೀರೆ ಗಿಳಿಹಸಿರು, ಅಂಚು ಕೆಂಪು. ಹುಡುಗಿಯ ಅಜ್ಜಿ ಧಾರೆ ಮುಗಿಯುವವರೆಗೂ ಚಪ್ಪಲಿ ಕೈಯಲ್ಲೇ ಹಿಡಿದು ನಿಂತಿದ್ದರು, ಕಳ್ಳತನ ಆಗುತ್ತೆ ಅಂತ."