ಶೋಲಾದಲ್ಲಿ ಸಸಿ ಎಣಿಸುವ ಲೆಕ್ಕ

ಚಂದ್ರದ್ರೋಣ ಸಾಲಿನ ಶೋಲಾ ಕಾಡುಗಳು ಹುಲ್ಲುಗುಡ್ಡದ ಮಡಿಕೆಗಳಲ್ಲಿ ತುಂಡುತುಂಡಾಗಿ ಕೂತಿವೆ. ಸುತ್ತ ಹುಲ್ಲು, ಕೆಳಮಗ್ಗುಲಿಗೆ ಕಾಫಿ ತೋಟ. ದೂರಕ್ಕೆ ಎಲ್ಲವೂ ಹಸಿರೇ. ಮುದಿಮರಗಳ ಕೆಳಗೆ ಮುಂದಿನ ಪೀಳಿಗೆ ಏಳುತ್ತಿದೆಯೇ ಎಂಬುದು ಒಳಗೆ ಹೋಗಿ ಅಳೆದರಷ್ಟೇ ಗೊತ್ತಾಗುತ್ತದೆ. ಅರಣ್ಯ ಇಲಾಖೆಯ ಅನುಮತಿ ಕೈಯಲ್ಲಿಟ್ಟುಕೊಂಡೇ ನಾವು ಒಳಗೆ ಕಾಲಿಡುವುದು.

ಮರಗಳಿಗೆ 20×20 ಮೀಟರ್ ಚೌಕ. ಅದರೊಳಗೆ ಎಳೆಮರಗಳಿಗೆ 5×5, ಸಸಿಗಳಿಗೆ ನಾಲ್ಕು ಮೂಲೆಯಲ್ಲಿ 1×1. ಸುತ್ತಳತೆ 30 ಸೆಂ.ಮೀ. ದಾಟಿದ್ದು ಮರ, ಒಂದು ಮೀಟರ್‌ಗಿಂತ ಗಿಡ್ಡದ್ದು ಸಸಿ, ನಡುವಿನದು ಎಳೆಮರ. ಮೊದಲ ತಪ್ಪು ಆಗುವುದು ಇಳಿಜಾರಿನಲ್ಲಿ. ಟೇಪನ್ನು ನೆಲಕ್ಕೆ ಹಾಸಿ ಅಳೆದರೆ 30 ಡಿಗ್ರಿ ಇಳಿಜಾರಲ್ಲಿ 400 ಚದರ ಮೀಟರ್ ಹೋಗಿ ಮಟ್ಟಸ ನೆಲದ ಲೆಕ್ಕಕ್ಕೆ 346 ಆಗುತ್ತದೆ. ಆ ಇಳಿಜಾರಿನುದ್ದಕ್ಕೆ 20ರ ಬದಲು 23.1 ಮೀಟರ್ ಎಳೆಯಬೇಕು. 20 ಡಿಗ್ರಿಗೆ 21.3. ಮರದ ಕೆಳಗೆ ಜಿಪಿಎಸ್ ಹಲವು ಮೀಟರ್ ಆಚೀಚೆ ಓಡುವುದರಿಂದ ಮೂಲೆಗೆ ಕಲ್ಲು ಹೂತು, ಹತ್ತಿರದ ಎರಡು ದೊಡ್ಡ ಮರಗಳಿಂದ ದಿಕ್ಕು ಮತ್ತು ದೂರ ಬರೆದಿಡುತ್ತೇವೆ.

ಸುತ್ತಳತೆ 1.37 ಮೀಟರ್ ಎತ್ತರದಲ್ಲಿ, ಇಳಿಜಾರಿನ ಮೇಲ್ಬದಿಯಲ್ಲಿ ನಿಂತು. ಅಳೆದ ಗೆರೆಗೆ ಬಣ್ಣ ಹಚ್ಚದಿದ್ದರೆ ಮುಂದಿನ ಸಲ ಟೇಪು ಬೇರೆ ಕಡೆ ಕೂರುತ್ತದೆ. ಇನ್ನೊಂದು ಕಳ್ಳ, ಪಾಚಿ. ಮಳೆಗಾಲದಲ್ಲಿ ಅದು ನೀರು ಕುಡಿದು ಉಬ್ಬುತ್ತದೆ, 3 ಮಿ.ಮೀ. ದಪ್ಪದ ಪದರವೊಂದೇ ಸುತ್ತಳತೆಗೆ ಸುಮಾರು 1.9 ಸೆಂ.ಮೀ. ಸೇರಿಸುತ್ತದೆ. ಅದು ಮರದ ಬೆಳವಣಿಗೆಯಲ್ಲ. ಟೇಪನ್ನು ಪಾಚಿಯ ಅಡಿಗೆ ತೂರಿಸಿ, ಪ್ರತಿ ವರ್ಷ ಜನವರಿಯಲ್ಲೇ ಅಳೆಯುತ್ತೇವೆ. ಇಂಬಳದ ಕಾಟವೂ ಆಗ ಕಡಿಮೆ.

ನಿಜವಾದ ತಲೆನೋವು ಸಸಿಗಳದ್ದು. ನೇರಳೆ ಜಾತಿಯ ಬೀಜ ಒಣಗಿದರೆ ಸತ್ತಂತೆ, ಹಾಗಾಗಿ ಬಿದ್ದ ಕೆಲ ವಾರಗಳಲ್ಲೇ ಮೊಳೆಯುತ್ತದೆ. ಜುಲೈನಲ್ಲಿ ತಾಯಿಮರದ ಬುಡದಲ್ಲಿ ಹಾಸಿದಂತೆ ಮೊಳಕೆ. ಅದನ್ನು ನೋಡಿ ‘ಪುನರುತ್ಪತ್ತಿ ಭರ್ಜರಿ’ ಎಂದು ವರದಿ ಬರೆಯುವವರಿದ್ದಾರೆ! ಮಣ್ಣು ಮೆಲ್ಲಗೆ ಕೆದಕಿದರೆ ಒಂದೇ ಬೀಜದಿಂದ ಎರಡು ಮೂರು ಕುಡಿ ಎದ್ದಿರುವುದೂ ಕಾಣುತ್ತದೆ. ನಾವು ಅದನ್ನು ಒಂದೆಂದೇ ಬರೆಯುತ್ತೇವೆ. ಎಣಿಕೆ ನವೆಂಬರ್‌ನಲ್ಲೊಮ್ಮೆ, ಏಪ್ರಿಲ್ ಕೊನೆಗೊಮ್ಮೆ. ಬೇಸಿಗೆ ನುಂಗಿದ್ದೆಷ್ಟು ಎಂಬುದು ಆ ಎರಡರ ನಡುವೆ ಸಿಗುತ್ತದೆ. ಗುರುತಿನ ತಂತಿಯನ್ನು ಸಸಿಗೇ ಸುತ್ತಿದರೆ ದಪ್ಪವಾದಾಗ ಕತ್ತು ಹಿಸುಕುತ್ತದೆ, ಪಕ್ಕದಲ್ಲಿ ಕಡ್ಡಿ ಊರಿ ಅದಕ್ಕೆ ಕಟ್ಟಿ. ಜೊತೆಗೆ ಅದೇ ಜಾತಿಯ ಹತ್ತಿರದ ತಾಯಿಮರಕ್ಕೆ ಎಷ್ಟು ದೂರವೆಂದೂ ಬರೆಯಿರಿ. ದೊಡ್ಡ ಬೀಜದ ಜಾತಿಯ ಸಸಿಗಳೆಲ್ಲ ಬುಡದಲ್ಲೇ ಇದ್ದರೆ ಬೀಜ ಒಯ್ಯುವ ಹಕ್ಕಿ, ಪುನುಗುಬೆಕ್ಕು ಆ ತುಂಡಿಗೆ ಬರುತ್ತಿವೆಯೇ ಎಂದು ಸಂಶಯಪಡಬೇಕು.

ಕುಡಿ ಕಡಿದಿದ್ದರೆ ಬಗ್ಗಿ ನೋಡಿ. ಚಾಕುವಿನಲ್ಲಿ ಓರೆಯಾಗಿ ಕೊಯ್ದಂತಿದ್ದರೆ ಮೊಲ. ನಾರು ಎದ್ದು ಹರಿದಂತಿದ್ದರೆ ಕಡವೆ, ಕಾಟಿ ಅಥವಾ ದನ. ಇವಕ್ಕೆ ಮೇಲ್ದವಡೆಯಲ್ಲಿ ಮುಂಬಾಚಿ ಹಲ್ಲಿಲ್ಲ, ಹಿಡಿದು ಕೀಳುತ್ತವೆ.

ಅಂಚಿನದು ಬೇರೆಯೇ ಲೆಕ್ಕ. ಹುಲ್ಲಿನ ಗಡಿಯಿಂದ ಒಳಕ್ಕೆ 5, 15, 30 ಮೀಟರ್‌ನಲ್ಲಿ ಚೌಕ ಹಾಕುತ್ತೇವೆ. ಬೇಸಿಗೆಯ ಹುಲ್ಲುಬೆಂಕಿ ಸುಡುವುದು ಈ ಅಂಚನ್ನೇ, ಲಂಟಾನ ನುಗ್ಗುವುದೂ ಇಲ್ಲಿಂದಲೇ. ತೋಟದ ಕಡೆಯ ಅಂಚಿನಲ್ಲಿ ಸಿಲ್ವರ್ ಓಕ್ ಸಸಿಗೆ ಪ್ರತ್ಯೇಕ ಕಾಲಂ ಇಡಿ. ಅದರ ರೆಕ್ಕೆಬೀಜ ತೋಟದಿಂದ ಗಾಳಿಗೆ ಹಾರಿ ಒಳಬರುತ್ತದೆ. ಎಳೆಯದರಲ್ಲಿ ಎಲೆ ಮಗುಚಿ ನೋಡಿದರೆ ಬೆಳ್ಳಿ ಬಣ್ಣ.