ಬ್ರಷ್ ಫಾಂಟಲ್ಲಿ ಒಂದೇ ಪದ ಎರಡು ಸಲ ಬಂದರೆ

ಕುಂಚದಲ್ಲಿ ಬಳಿದಂತಿರುವ ಒರಟು ಫಾಂಟಲ್ಲಿ ದರ್ಶಿನಿ ಬೋರ್ಡಿಗೆ ‘ಬಿಸಿ ಬಿಸಿ ಇಡ್ಲಿ’ ಅಂತ ಟೈಪ್ ಮಾಡಿ ಹಾಗೇ ಬಿಡಬೇಡಿ. ಅಕ್ಷರಗಳನ್ನು ಔಟ್‌ಲೈನ್ ಮಾಡಿ (ಅಂದರೆ ಟೈಪ್ ಮಾಡಿದ್ದನ್ನು ಬರೀ ಆಕಾರಗಳಾಗಿ ಬದಲಿಸಿ), ಎರಡನೇ ‘ಬಿಸಿ’ಯನ್ನು 2 ಡಿಗ್ರಿ ತಿರುಗಿಸಿ, ಅಳತೆ 96%ಗೆ ಇಳಿಸಿ, ಗೆರೆ ತುದಿಯ ಒಂದೆರಡು ನೋಡ್ (ಆಕಾರವನ್ನು ಹಿಡಿದಿಡುವ ಚುಕ್ಕಿ) ಎಳೆದು ಬದಲಿಸಿ. (ಮೊದಲೇ ಒಂದು ಕಾಪಿ ಎತ್ತಿಡಿ, ಆಮೇಲೆ ಕಾಗುಣಿತ ಟೈಪ್ ಮಾಡಿ ತಿದ್ದೋಕಾಗಲ್ಲ.) ಒಣ ಬ್ರಷ್ಷಿನ ಗೀರು ಎರಡೂ ಕಡೆ ಒಂದೇ ಜಾಗದಲ್ಲಿದ್ದರೆ ಕೈಬರಹ ಅಲ್ಲ ಅಂತ ಕಣ್ಣು ತಟ್ಟನೆ ಹಿಡಿಯುತ್ತೆ. ಪ್ರಿಂಟಿಗೆ ಇದು ಚೆನ್ನ. ವಿನೈಲ್ ಕಟಿಂಗಿಗೆ (ಸ್ಟಿಕ್ಕರ್ ಹಾಳೆಯಲ್ಲಿ ಅಕ್ಷರ ಕತ್ತರಿಸೋದಕ್ಕೆ) ಈ ಫಾಂಟೇ ಬೇಡ, ಅಂಚಿನ ಸಣ್ಣ ಚೂರುಗಳು ಸುತ್ತಲಿನ ಬೇಡದ ಹಾಳೆ ಸುಲಿಯುವಾಗ ಕಿತ್ತು ಬರುತ್ತವೆ. ಮೆನು ಕಾರ್ಡಿನ ಸೈಜಲ್ಲಂತೂ ‘ಡ್ಲಿ’ಯ ಒತ್ತು ಮುದ್ದೆಯಾಗುತ್ತೆ, ಅಲ್ಲಿ ಸಾದಾ ಫಾಂಟ್ ಹಾಕಿ.