ಆ್ಯಂಡ್ರಾಯ್ಡ್‌ನಿಂದ ಐಫೋನ್‌ಗೆ: ಮೊದಲು ಖಾತೆಗಳು, ಆಮೇಲೆ ಫೋನ್

ಆ್ಯಂಡ್ರಾಯ್ಡ್ ಬಿಟ್ಟು ಐಫೋನ್ ಹಿಡಿದವರನ್ನು ಯಾಕೆ ಅಂತ ಕೇಳಿ ನೋಡಿ. ಮೊದಲು ಕ್ಯಾಮೆರಾ ಅನ್ನುತ್ತಾರೆ, ಆಮೇಲೆ ಪ್ರೈವಸಿ ಅನ್ನುತ್ತಾರೆ. ಇನ್ನೊಂದಿಷ್ಟು ಮಾತಾಡಿಸಿದರೆ ನಿಜವಾದ ಕಾರಣ ಹೊರಬೀಳುತ್ತದೆ: ಹಳೆಯ ಫೋನಿಗೆ ಅಪ್‌ಡೇಟ್ ನಿಂತಿರುತ್ತದೆ, ಇಲ್ಲವೇ ಮನೆಯವರೆಲ್ಲ ಆಗಲೇ ಆ ಕಡೆ ಹೋಗಿರುತ್ತಾರೆ, ಇಲ್ಲವೇ ಆಫೀಸಿನಲ್ಲಿ ಲ್ಯಾಪ್‌ಟಾಪ್ ಬದಲಾಗಿರುತ್ತದೆ. ಹೇಗಿದ್ದರೂ ಹೊಸ ಫೋನ್ ಕೊಳ್ಳಲೇಬೇಕಾದಾಗ ಮಾತ್ರ ಜನ ಆಚೆ ಕಡೆ ನೋಡುತ್ತಾರೆ. ಚೆನ್ನಾಗಿ ನಡೆಯುತ್ತಿರುವ ಫೋನನ್ನು ಪಕ್ಕಕ್ಕಿಟ್ಟು ಬದಲಿಸಿದವರನ್ನು ನಾನು ಕಂಡದ್ದು ಕಡಿಮೆ.

ನನ್ನ ವಿಷಯದಲ್ಲೂ ಒಂದು ತಳ್ಳಿತು, ಇನ್ನೊಂದು ಎಳೆಯಿತು. ನನ್ನ ಆ್ಯಂಡ್ರಾಯ್ಡ್ ಫೋನಿನ ಸ್ಕ್ರೀನ್ ಸರಿಯಿತ್ತು, ಬ್ಯಾಟರಿಯೂ ಪರವಾಗಿರಲಿಲ್ಲ. ಆದರೆ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯುರಿಟಿ ಪ್ಯಾಚ್ ಅನ್ನುವ ಸಾಲಿನಲ್ಲಿ ಒಂದೇ ತಿಂಗಳ ಹೆಸರು ಕೂತುಬಿಟ್ಟಿತ್ತು, ಮುಂದಕ್ಕೆ ಹೋಗಲೇ ಇಲ್ಲ. ತಯಾರಿಸಿದವರು ಆ ಮಾಡೆಲ್ಲಿನ ಕೈಬಿಟ್ಟಿದ್ದರು. ಅದೇ ಹೊತ್ತಿಗೆ 2015ರ ಐಫೋನ್ 6ಎಸ್‌ಗೆ 2021ರಲ್ಲಿ ಐಫೋನಿನ ತಂತ್ರಾಂಶವಾದ ಐಒಎಸ್ 15 ಕೂಡ ಸಿಕ್ಕಿದ್ದು ಕಣ್ಣಿಗೆ ಕುಕ್ಕುತ್ತಿತ್ತು. ಎಳೆದದ್ದು ಆಫೀಸಿನ ಕೆಲಸಕ್ಕೆ ಬಂದ ಮ್ಯಾಕ್, ಅಂದರೆ ಆ್ಯಪಲ್‌ನ ಲ್ಯಾಪ್‌ಟಾಪ್. ಫೋನಿನಲ್ಲಿ ಕಾಪಿ ಮಾಡಿದ್ದನ್ನು ಲ್ಯಾಪ್‌ಟಾಪಿನಲ್ಲಿ ಪೇಸ್ಟ್ ಮಾಡುವಂಥ ಸಣ್ಣ ಅನುಕೂಲಗಳನ್ನು ದಿನಾ ಪಕ್ಕದವರ ಕೈಯಲ್ಲಿ ನೋಡುತ್ತಿದ್ದರೆ ಮನಸ್ಸು ವಾಲದೆ ಇರುತ್ತದೆಯೇ? ತಳ್ಳಿದ ಕಾರಣಕ್ಕೆ ಇವತ್ತು ಅಷ್ಟು ಬಲವಿಲ್ಲ. 2023ರ ಪಿಕ್ಸೆಲ್ 8ಕ್ಕೂ 2024ರ ಗ್ಯಾಲಕ್ಸಿ ಎಸ್24ಕ್ಕೂ 7 ವರ್ಷ ಅಪ್‌ಡೇಟ್ ಕೊಡುವುದಾಗಿ ಅವನ್ನು ತಯಾರಿಸುವ ಗೂಗಲ್, ಸ್ಯಾಮ್‌ಸಂಗ್ ಕಂಪನಿಗಳೇ ಹೇಳಿವೆ. ಬರೀ ಅಪ್‌ಡೇಟ್‌ಗೋಸ್ಕರ ಯಾರಾದರೂ ಬದಲಿಸಲು ಹೊರಟರೆ ಈಗ ನಾನು ತಡೆಯುತ್ತೇನೆ.

ಮನೆ ಬದಲಿಸುವಾಗ ಸಾಮಾನು ಸಾಗಿಸುವುದು ಒಂದು ದಿನದ ಕೆಲಸ, ಎಲ್ಲ ಕಡೆ ವಿಳಾಸ ತಿದ್ದಿಸುವುದೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಫೋನಿನ ಕಥೆಯೂ ಅಷ್ಟೇ. ಹಾಗಾಗಿ ಐಫೋನ್ ತರುವ ಮೊದಲೇ ಹಳೆಯ ಫೋನಿನಲ್ಲಿ ಕೂತು ಖಾತೆಗಳನ್ನು ಒಂದೊಂದಾಗಿ ಬಿಡಿಸಿಕೊಂಡೆ.

ಮೊದಲು ಕಾಂಟ್ಯಾಕ್ಟ್ಸ್. ಎಲ್ಲವೂ ಗೂಗಲ್ ಖಾತೆಯಲ್ಲಿದೆ ಅಂತ ಬಹಳ ಜನ ಅಂದುಕೊಂಡಿರುತ್ತಾರೆ, ಅರ್ಧ ನಂಬರುಗಳು ಫೋನ್ ಮೆಮೊರಿಯಲ್ಲೋ ಸಿಮ್‌ನಲ್ಲೋ ಉಳಿದಿರುತ್ತವೆ. ಕಂಪ್ಯೂಟರಿನ ಬ್ರೌಸರ್‌ನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು, ಅಲ್ಲಿ ಕಾಣದ ಹೆಸರುಗಳನ್ನು ಖಾತೆಗೆ ಸೇರಿಸಿದೆ. ಫೋಟೋಗಳನ್ನು ಗೂಗಲ್ ಫೋಟೋಸ್‌ನಲ್ಲೇ ಬಿಟ್ಟೆ. ಅದರ ಆ್ಯಪ್ ಐಫೋನಿನಲ್ಲೂ ಇದೆ. ಆ್ಯಪಲ್‌ನ ಆನ್‌ಲೈನ್ ಸಂಗ್ರಹವಾದ ಐಕ್ಲೌಡ್‌ನಲ್ಲಿ ಪುಕ್ಕಟೆ ಸಿಗುವುದು 5 ಜಿಬಿ, ಗೂಗಲ್‌ನಲ್ಲಿ 15 ಜಿಬಿ. ಎರಡೂ ಕಡೆ ಬಾಡಿಗೆ ಕಟ್ಟುವ ಉಸಾಬರಿ ನನಗೆ ಬೇಡವಿತ್ತು. ಪಾಸ್‌ವರ್ಡ್‌ಗಳನ್ನು ಕ್ರೋಮ್‌ನಿಂದ ತೆಗೆದು ಎರಡೂ ಕಡೆ ನಡೆಯುವ, ಪಾಸ್‌ವರ್ಡ್ ಕಾಪಿಡುವ ಬಿಟ್‌ವಾರ್ಡನ್ ಆ್ಯಪ್‌ಗೆ ಹಾಕಿದೆ. ಎಕ್ಸ್‌ಪೋರ್ಟ್ ಮಾಡಿದಾಗ ಸಿಗುವ ಫೈಲಿನಲ್ಲಿ ಪಾಸ್‌ವರ್ಡ್‌ಗಳು ಯಾರು ಬೇಕಾದರೂ ಓದುವ ಹಾಗೆ ಬಿದ್ದಿರುತ್ತವೆ. ಕೆಲಸ ಮುಗಿದ ಕೂಡಲೇ ಅದನ್ನು ಅಳಿಸಿ ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿದೆ.

ಹೆಚ್ಚು ಹೊತ್ತು ಹಿಡಿದದ್ದು ಎರಡು ಹಂತದ ಲಾಗಿನ್ ಕೋಡುಗಳು. ಈ ಕೋಡುಗಳನ್ನು ಕೊಡುವ ಗೂಗಲ್ ಅಥೆಂಟಿಕೇಟರ್ ಆ್ಯಪ್‌ನಲ್ಲಿ ಖಾತೆಗಳನ್ನು ಕ್ಯೂಆರ್ ಕೋಡ್ ಮೂಲಕ ಇನ್ನೊಂದು ಫೋನಿಗೆ ಕಳಿಸಬಹುದು, 2023ರಿಂದ ಗೂಗಲ್ ಖಾತೆಗೇ ಸಿಂಕ್ ಕೂಡ ಆಗುತ್ತದೆ. ಅಷ್ಟಕ್ಕೇ ನಾನು ನಂಬಲಿಲ್ಲ. ಮುಖ್ಯವಾದ ಪ್ರತಿ ಖಾತೆಯ ಬ್ಯಾಕಪ್ ಕೋಡುಗಳನ್ನು ಕಾಗದದ ಮೇಲೆ ಬರೆದುಕೊಂಡೆ. ಹೊಸ ಫೋನ್ ಬಂದ ಮೇಲೆ ಪ್ರತಿಯೊಂದರಿಂದ ಲಾಗ್‌ಔಟ್ ಆಗಿ, ಹೊಸ ಫೋನ್ ಕೊಟ್ಟ ಕೋಡಿನಿಂದಲೇ ಮತ್ತೆ ಒಳಗೆ ಹೋಗಿ ನೋಡಿದೆ. ಬೇಸರದ ಕೆಲಸ, ಬಿಡಲಾಗದ ಕೆಲಸ.

ಪ್ಲೇ ಸ್ಟೋರ್‌ನಲ್ಲಿ ದುಡ್ಡು ಕೊಟ್ಟು ಕೊಂಡ ಆ್ಯಪ್‌ಗಳು ಆ್ಯಪ್ ಸ್ಟೋರ್‌ಗೆ ಬರುವುದಿಲ್ಲ. ತಿಂಗಳ ಚಂದಾಗಳದು ಇನ್ನೊಂದು ಬಗೆ: ಆ್ಯಪ್ ತೆಗೆದುಹಾಕಿದರೂ ಚಂದಾ ರದ್ದಾಗುವುದಿಲ್ಲ, ಪ್ಲೇ ಸ್ಟೋರ್‌ನ ಸಬ್‌ಸ್ಕ್ರಿಪ್ಷನ್ಸ್ ಪುಟಕ್ಕೆ ಹೋಗಿ ನಾವೇ ನಿಲ್ಲಿಸಬೇಕು.

ಇನ್ನು ಸಾಗಣೆ. ಆ್ಯಪಲ್‌ನ ಮೂವ್ ಟು ಐಒಎಸ್ ಆ್ಯಪ್ 2015ರಿಂದ ಇದೆ. ಐಫೋನನ್ನು ಮೊದಲ ಸಲ ಸೆಟಪ್ ಮಾಡುವಾಗ ಆ್ಯಂಡ್ರಾಯ್ಡ್‌ನಿಂದ ಡೇಟಾ ತರಬೇಕೇ ಅನ್ನುವ ಆಯ್ಕೆ ಬರುತ್ತದೆ. ಅದನ್ನು ಒತ್ತಿದರೆ ಒಂದು ಕೋಡ್ ಕಾಣುತ್ತದೆ, ಅದನ್ನು ಹಳೆಯ ಫೋನಿನಲ್ಲಿ ಹಾಕಬೇಕು. ಐಫೋನ್ ತನ್ನದೇ ಒಂದು ತಾತ್ಕಾಲಿಕ ವೈಫೈ ಎಬ್ಬಿಸುತ್ತದೆ, ಹಳೆಯ ಫೋನ್ ಅದಕ್ಕೆ ಸೇರಿಕೊಳ್ಳುತ್ತದೆ. ಎರಡನ್ನೂ ಚಾರ್ಜರ್‌ಗೆ ಸಿಕ್ಕಿಸಿ ಮೇಜಿನ ಮೇಲಿಟ್ಟೆ. ಆ ಹೊತ್ತಿನಲ್ಲಿ ಹಳೆಯ ಫೋನಿನ ಪರದೆಯ ಮೇಲೆ ಆ ಆ್ಯಪ್ ಬಿಟ್ಟು ಬೇರೇನೂ ತೆರೆಯುವಂತಿಲ್ಲ. ಕರೆಯೊಂದು ಬಂದರೂ ಸಾಗಣೆ ಅರ್ಧಕ್ಕೇ ಕತ್ತರಿಸಿಹೋಗಬಹುದು. ಹಳೆಯ ಫೋನ್ ಎಲ್ಲ ಮುಗಿಯಿತು ಅಂದರೂ ಐಫೋನಿನ ಲೋಡಿಂಗ್ ಪಟ್ಟಿ ಇನ್ನೂ ತೆವಳುತ್ತಿರುತ್ತದೆ. ನಂಬಬೇಕಾದದ್ದು ಐಫೋನನ್ನು. ಕೈ ಕಟ್ಟಿ ಕೂರುವುದೇ ಇಲ್ಲಿ ಕಷ್ಟದ ಭಾಗ.

ವಾಟ್ಸ್‌ಆ್ಯಪ್ ಚಾಟ್ ಹೋದರೆ ಎಂಬ ಹೆದರಿಕೆಯಿಂದಲೇ ಬಹಳ ವರ್ಷ ಜನ ಈ ಕಡೆ ಆ ಕಡೆ ಅಲ್ಲಾಡಲಿಲ್ಲ ಅಂತ ನನ್ನ ಲೆಕ್ಕ. ಆ್ಯಂಡ್ರಾಯ್ಡ್‌ನ ಬ್ಯಾಕಪ್ ಗೂಗಲ್ ಡ್ರೈವ್‌ನಲ್ಲಿ ಕೂರುತ್ತದೆ, ಐಫೋನಿನದು ಐಕ್ಲೌಡ್‌ನಲ್ಲಿ. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. 2022ರಲ್ಲಿ ಮೂವ್ ಟು ಐಒಎಸ್ ಮೂಲಕವೇ ಚಾಟ್ ಒಯ್ಯುವ ದಾರಿ ತೆರೆಯಿತು. ಪಟ್ಟಿಯಲ್ಲಿ ವಾಟ್ಸ್‌ಆ್ಯಪ್ ಆರಿಸಿದರೆ ಹಳೆಯ ಫೋನ್ ಚಾಟುಗಳನ್ನು ಸಿದ್ಧ ಮಾಡಿಕೊಂಡು ತಾನೇ ಲಾಗ್‌ಔಟ್ ಆಗುತ್ತದೆ. ಆಮೇಲೆ ಐಫೋನಿನಲ್ಲಿ ಅದೇ ನಂಬರಿನಿಂದ ಒಳಗೆ ಹೋಗಬೇಕು. ಫೋಟೋ, ವಾಯ್ಸ್ ಮೆಸೇಜ್, ಗ್ರೂಪುಗಳು ಎಲ್ಲ ಬಂದವು. ಕರೆಗಳ ಪಟ್ಟಿ ಮಾತ್ರ ಬರಲಿಲ್ಲ, ಬರುವುದೂ ಇಲ್ಲ. ಐಫೋನ್ ಹೊಚ್ಚ ಹೊಸದಾಗಿರಬೇಕು, ಇಲ್ಲವೇ ರೀಸೆಟ್ ಆಗಿರಬೇಕು ಅನ್ನುವುದು ಆಗಿನ ಷರತ್ತು. ಅದಕ್ಕೇ ಹೊಸ ಫೋನ್ ಕೈಗೆ ಬಂದ ಖುಷಿಯಲ್ಲಿ ಮೊದಲೇ ಸೆಟಪ್ ಮುಗಿಸಿಕೊಂಡು ಕೂರಬೇಡಿ ಅಂತ ಬದಲಿಸುವವರಿಗೆಲ್ಲ ಹೇಳುತ್ತಿರುತ್ತೇನೆ. ಬ್ಯಾಂಕ್ ಆ್ಯಪ್‌ಗಳ ಲಾಗಿನ್ ಈ ದಾರಿಯಲ್ಲಿ ಬರುವುದಿಲ್ಲ. ಅವನ್ನು ಮತ್ತೆ ಮೊದಲಿಂದ ನೋಂದಾಯಿಸಿಕೊಳ್ಳಬೇಕು.

ಡೇಟಾ ಬಂದರೂ ಕೈ ಬರಲು ಸಮಯ ಬೇಕಾಯಿತು. ಆ್ಯಂಡ್ರಾಯ್ಡ್‌ನಲ್ಲಿ ಪರದೆಯ ಎಡ, ಬಲ ಯಾವ ಅಂಚಿನಿಂದ ಸರಿಸಿದರೂ ಹಿಂದಕ್ಕೆ ಹೋಗುತ್ತಿದ್ದೆ; ಇಲ್ಲಿ ಆಗ ಎಡ ಅಂಚಿಂದ ಮಾತ್ರ, ಅದೂ ಎಲ್ಲ ಆ್ಯಪ್‌ಗಳಲ್ಲಿ ಅಲ್ಲ. ಬಲಗೈ ಹೆಬ್ಬೆರಳು ವಾರಗಟ್ಟಲೆ ಗೋಡೆ ತಡವುತ್ತಿತ್ತು. ನೋಟಿಫಿಕೇಶನ್ ವಿಷಯದಲ್ಲಿ ಆ್ಯಂಡ್ರಾಯ್ಡೇ ಮೇಲು ಅಂತ ಈಗಲೂ ಹೇಳುತ್ತೇನೆ. ಒಂದೇ ಆ್ಯಪಿನ ಜಾಹೀರಾತನ್ನು ಮುಚ್ಚಿ, ಬೇಕಾದ ಸೂಚನೆಯನ್ನಷ್ಟೇ ಉಳಿಸಿಕೊಳ್ಳುವ ಸವಲತ್ತು ಅಲ್ಲಿ 2017ರ ಆ್ಯಂಡ್ರಾಯ್ಡ್ 8ರಿಂದ ಇದೆ. ಇಲ್ಲಿ ಆ ಆಯ್ಕೆಯನ್ನು ಆ್ಯಪಿನವರೇ ಒಳಗೆ ಇಟ್ಟಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಐಫೋನ್ 15ರಿಂದ ಯುಎಸ್‌ಬಿ-ಸಿ ಬಂದಿದ್ದರಿಂದ ಕೇಬಲ್ ಗೋಳು ತಪ್ಪಿತು.

ವಾಚ್ ಮಾತ್ರ ಕೊಳ್ಳಲಿಲ್ಲ. ಆ್ಯಪಲ್ ವಾಚ್ ಆ್ಯಂಡ್ರಾಯ್ಡ್ ಫೋನಿಗೆ ಜೋಡಿಯಾಗುವುದಿಲ್ಲ, ಗ್ಯಾಲಕ್ಸಿ ವಾಚ್ 4 ಮತ್ತು ಅದರ ನಂತರದವು ಐಫೋನಿಗೆ ಆಗುವುದಿಲ್ಲ. ಬೀಗ ಬೀಳುವುದು ಫೋನಿಗಲ್ಲ, ಇಂಥ ಜೊತೆಯ ಸಾಮಾನುಗಳಿಗೆ. ಫೋಟೋ, ಪಾಸ್‌ವರ್ಡ್, ಕಾಂಟ್ಯಾಕ್ಟ್ಸ್ ಎರಡೂ ಕಡೆ ನಡೆಯುವ ಜಾಗದಲ್ಲಿರುವುದರಿಂದ ಮನಸ್ಸು ಬಂದರೆ ನಾಳೆಯೇ ವಾಪಸ್ ಹೊರಡಬಹುದು. ಹಾಗೆ ಹೊರಡುವವರು ಸಿಮ್ ತೆಗೆಯುವ ಮುಂಚೆ ಆ್ಯಪಲ್‌ನ ಮೆಸೇಜ್ ಸೇವೆಯಾದ ಐಮೆಸೇಜ್ ಆಫ್ ಮಾಡಬೇಕು. ಇಲ್ಲದಿದ್ದರೆ ಐಫೋನ್ ಇರುವವರು ಕಳಿಸಿದ ಮೆಸೇಜು ಹಳೆಯ ವಿಳಾಸಕ್ಕೇ ಹೋಗಿ ಬೀಳುವ ಸಾಧ್ಯತೆಯಿದೆ. ಫೋನ್ ಕೈಬಿಟ್ಟ ಮೇಲೆ ನೆನಪಾದವರಿಗೆ ಆ್ಯಪಲ್ 2014ರಿಂದ ವೆಬ್‌ನಲ್ಲೇ ನಂಬರ್ ಬಿಡಿಸುವ ಪುಟ ಇಟ್ಟಿದೆ.

ಹಳೆಯ ಫೋನನ್ನು ಕೂಡಲೇ ಅಳಿಸಲಿಲ್ಲ. ಹೊಸದರಲ್ಲಿ ಎಲ್ಲ ಲಾಗಿನ್ ನಡೆಯುತ್ತಿದೆ ಅಂತ ಗಟ್ಟಿಯಾದ ಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್ ಖಾತೆ ತೆಗೆದು, ಆಮೇಲೆ ರೀಸೆಟ್ ಮಾಡಿ ಬೇರೆಯವರಿಗೆ ಕೊಟ್ಟೆ. ಖಾತೆ ಇರುವಾಗಲೇ, ಸೆಟ್ಟಿಂಗ್ಸ್‌ಗೆ ಹೋಗದೆ ಬಟನ್ ಒತ್ತಿ ತೆರೆಯುವ ರಿಕವರಿ ಮೋಡ್‌ನಿಂದ ಅಳಿಸಿದರೆ ಫೋನ್ ಮತ್ತೆ ತೆರೆದಾಗ ಹಳೆಯ ಖಾತೆಯನ್ನೇ ಕೇಳುತ್ತದೆ. ಫೋನ್ ಪಡೆದವರು ನಿಮಗೆ ಕರೆ ಮಾಡುತ್ತಾರೆ.